ಆ ಕಾಲದ ಮೆಕ್ಸಿಕೋದಲ್ಲಿ ಜನ 34ಕ್ಕೇ ಸಾಯುತ್ತಿದ್ದರೇ? ಫ್ರೀಡಾ ಕಾಹ್ಲೋ ಬದುಕು ಬಿಡಿಸಿ ಹೇಳುವ ಲೆಕ್ಕ

ಹಳೆಯ ಕಾಲದ ಆಯಸ್ಸಿನ ಬಗ್ಗೆ ನಮ್ಮಲ್ಲಿ ಎರಡು ಮಾತುಗಳು ಓಡಾಡುತ್ತವೆ. ಹಿಂದಿನವರು ಗಟ್ಟಿಮುಟ್ಟಾಗಿ ನೂರು ವರ್ಷ ಬಾಳುತ್ತಿದ್ದರು ಎನ್ನುವುದು ಒಂದು. ಆಗ ಸರಾಸರಿ ಆಯಸ್ಸು ಮೂವತ್ತರ ಆಸುಪಾಸಿನಲ್ಲಿತ್ತು, ಹಾಗಾಗಿ ಮೂವತ್ತು ದಾಟುವಷ್ಟರಲ್ಲಿ ಎಲ್ಲರೂ ಮುದುಕರಾಗಿ ಸಾಯುತ್ತಿದ್ದರು ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ಅಂಕಿ ಇರುವುದರಿಂದ ಅದು ವಿಜ್ಞಾನದ ಮಾತಿನಂತೆ ಕೇಳಿಸುತ್ತದೆ. ಆದರೆ ಅದೂ ತಪ್ಪು.

ಏಕೆ ತಪ್ಪು ಎಂದು ನೋಡಲು ನಾವು ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೋ ಅವರ ಬದುಕನ್ನು ಆರಿಸಿಕೊಂಡಿದ್ದೇವೆ. ಕೂಡಿದ ಹುಬ್ಬು, ಮುಡಿಯಲ್ಲಿ ಹೂವು ಇರುವ ಅವರ ಮುಖವನ್ನು ನೀವು ಚೀಲ, ಅಂಗಿ, ಕಾಫಿ ಲೋಟಗಳ ಮೇಲೆ ನೋಡಿರುತ್ತೀರಿ. ಅವರು ಬದುಕಿದ್ದು 47 ವರ್ಷ. 1930ರಲ್ಲಿ ಮೆಕ್ಸಿಕೋದ ಸರಾಸರಿ ಆಯಸ್ಸು ಸುಮಾರು 34 ವರ್ಷ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ಫ್ರೀಡಾ ದೀರ್ಘಾಯುಷಿ ಎನ್ನಿಸುತ್ತದೆ. ನಿಜದಲ್ಲಿ ಅವರು ತೀರ ಬೇಗ ಹೋದರು.

ಒಂದೇ ಮನೆಯಲ್ಲಿ ಸಿಗುವ ಸರಾಸರಿ

ಫ್ರೀಡಾ ಹುಟ್ಟಿದ್ದು 1907ರ ಜುಲೈ 6ರಂದು, ಮೆಕ್ಸಿಕೋ ನಗರದ ಅಂಚಿನ ಕೊಯೊಅಕಾನ್‌ನಲ್ಲಿ. ಮುಂದೆ ಅವರು ತಮ್ಮ ಹುಟ್ಟಿದ ವರ್ಷ 1910 ಎಂದು ಹೇಳಿಕೊಳ್ಳುತ್ತಿದ್ದರು. ಅದು ಮೆಕ್ಸಿಕೋ ಕ್ರಾಂತಿ ಶುರುವಾದ ವರ್ಷ.

ತಂದೆ ಗಿಯೆರ್ಮೊ ಕಾಹ್ಲೋ ಜರ್ಮನಿಯಿಂದ ಬಂದು ನೆಲೆಸಿದ ಛಾಯಾಗ್ರಾಹಕ. ಅವರಿಗೆ ಮೂರ್ಛೆರೋಗವಿತ್ತು. ಅವರ ಮೊದಲ ಹೆಂಡತಿ ತೀರಿಕೊಂಡದ್ದು ಹೆರಿಗೆಯಲ್ಲಿ. ಎರಡನೆಯ ಹೆಂಡತಿ ಮಟಿಲ್ಡೆ ಕಾಲ್ಡೆರಾನ್ ಫ್ರೀಡಾ ಅವರ ತಾಯಿ. ಫ್ರೀಡಾಗಿಂತ ಮೊದಲು ಅವರಿಗೆ ಹುಟ್ಟಿದ ಗಂಡುಮಗು ಉಳಿಯಲಿಲ್ಲ. ಗಿಯೆರ್ಮೊ ಮಾತ್ರ 1941ರವರೆಗೆ ಬದುಕಿದ್ದು 69ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಹುಟ್ಟುತ್ತಲೇ ಹೋದ ಮಗುವಿನ ಆಯಸ್ಸು ಸೊನ್ನೆ. ತಂದೆಯ ಆಯಸ್ಸು 69. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 34.5. ದೇಶದ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ! ಇಬ್ಬರ ಲೆಕ್ಕ ಇಡೀ ದೇಶದ ಲೆಕ್ಕವಾಗುವುದಿಲ್ಲ, ಸಂಖ್ಯೆ ಹೊಂದಿಕೊಂಡದ್ದು ಕಾಕತಾಳೀಯ. ಆದರೆ ಸರಾಸರಿ ಹುಟ್ಟುವ ಬಗೆ ಇದೇ. ಆ ಮನೆಯಲ್ಲಿ ಈ ಇಬ್ಬರಲ್ಲಿ ಯಾರೂ 34ಕ್ಕೆ ಸಾಯಲಿಲ್ಲ. ಆದರೂ ಸರಾಸರಿ 34 ಬಂತು.

ಆಗಿನ ಮೆಕ್ಸಿಕೋದಲ್ಲಿ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದುದು ಅತಿಸಾರ, ನ್ಯುಮೋನಿಯಾ, ಮಲೇರಿಯಾ, ಸಿಡುಬು, ನಾಯಿಕೆಮ್ಮಿನಂಥ ರೋಗಗಳು. ಇವುಗಳಲ್ಲಿ ಹೆಚ್ಚಿನವು ಮೊದಲು ಹಿಡಿಯುತ್ತಿದ್ದುದು ಎಳೆಯ ಮಕ್ಕಳನ್ನು. ಬಾಲ್ಯ ದಾಟಿದವರಿಗೆ ಐವತ್ತು, ಅರವತ್ತು ಕಾಣುವ ಅವಕಾಶ ಚೆನ್ನಾಗಿಯೇ ಇತ್ತು. ಹಾಗಾಗಿ ಹುಟ್ಟುವಾಗಿನ ಸರಾಸರಿ ಆಯಸ್ಸು ಕಡಿಮೆ ಎಂದರೆ ದೊಡ್ಡವರು ಬೇಗ ಮುದುಕರಾಗುತ್ತಿದ್ದರು ಎಂದಲ್ಲ, ಬಹಳ ಮಕ್ಕಳು ದೊಡ್ಡವರಾಗುತ್ತಲೇ ಇರಲಿಲ್ಲ ಎಂದರ್ಥ.

ಬದುಕಿ ಉಳಿದ ಮಗು

ಫ್ರೀಡಾ ಆ ಕಂಟಕವನ್ನು ದಾಟಿದರು, ಆದರೆ ಪೆಟ್ಟು ತಿಂದು ದಾಟಿದರು. ಆರನೇ ವಯಸ್ಸಿನಲ್ಲಿ ಅವರಿಗೆ ಪೋಲಿಯೋ ತಗುಲಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಎದ್ದಾಗ ಬಲಗಾಲು ಎಡಗಾಲಿಗಿಂತ ಸಣಕಲಾಗಿತ್ತು. ಓರಗೆಯ ಮಕ್ಕಳು ಅಣಕಿಸಿದರು. ತಂದೆ ಮಾತ್ರ ಮಗಳಿಗೆ ಈಜು, ಸೈಕಲ್, ಫುಟ್‌ಬಾಲ್, ಕುಸ್ತಿಯವರೆಗೆ ಎಲ್ಲ ಆಟಗಳನ್ನೂ ಹಚ್ಚಿದರು. ಹುಡುಗಿಯರು ಇವನ್ನೆಲ್ಲ ಆಡುವುದು ಆಗ ಅಪರೂಪ. ದುರ್ಬಲ ಸ್ನಾಯುಗಳಿಗೆ ವ್ಯಾಯಾಮ ಕೊಡಬೇಕೆಂದು ಇಂದಿನ ಫಿಸಿಯೋಥೆರಪಿಸ್ಟರು ಹೇಳುವುದನ್ನು ಅವರು ಅಂದೇ ಮಾಡಿದ್ದರು.

ಪೋಲಿಯೋಗೆ ಒಂದು ವೈರಸ್ ಕಾರಣ ಎಂದು ವಿಜ್ಞಾನಿಗಳು ತೋರಿಸಿಕೊಟ್ಟದ್ದು 1908ರಲ್ಲಿ, ಫ್ರೀಡಾ ಹುಟ್ಟಿದ ಮರುವರ್ಷ. ಜೋನಸ್ ಸಾಲ್ಕ್ ಅವರ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1955ರ ಏಪ್ರಿಲ್‌ನಲ್ಲಿ, ಅವರು ತೀರಿಕೊಂಡ ಒಂಬತ್ತು ತಿಂಗಳ ಬಳಿಕ. ಅವರ ಆಯಸ್ಸಿನ ಬಹುಪಾಲು ಈ ಎರಡು ದಿನಾಂಕಗಳ ನಡುವೆಯೇ ಕಳೆದುಹೋಯಿತು. ಮೆಕ್ಸಿಕೋದಲ್ಲಿ ಕೊನೆಯ ಪೋಲಿಯೋ ಪ್ರಕರಣ ಕಂಡುಬಂದದ್ದು 1990ರಲ್ಲಿ.

ಬಸ್ಸಿನ ಅಪಘಾತ

1922ರಲ್ಲಿ ಫ್ರೀಡಾ ರಾಷ್ಟ್ರೀಯ ಪ್ರಿಪರೇಟರಿ ಶಾಲೆಗೆ ಸೇರಿದರು. ಸುಮಾರು 2,000 ವಿದ್ಯಾರ್ಥಿಗಳಿದ್ದ ಆ ಶಾಲೆಯಲ್ಲಿ ಹುಡುಗಿಯರು 35 ಮಂದಿ. ಡಾಕ್ಟರ್ ಆಗುವುದು ಅವರ ಆಸೆಯಾಗಿತ್ತು.

1925ರ ಸೆಪ್ಟೆಂಬರ್ 17ರಂದು ಅವರಿದ್ದ ಬಸ್ಸಿಗೆ ಟ್ರ್ಯಾಮ್ ಬಂದು ಗುದ್ದಿತು. ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬು ಮುರಿದವು. ಪೋಲಿಯೋದಿಂದ ಸೊರಗಿದ್ದ ಬಲಗಾಲೇ ಹನ್ನೊಂದು ಕಡೆ ಮುರಿಯಿತು, ಪಾದ ಜಜ್ಜಿಹೋಯಿತು. ಬಸ್ಸಿನ ಕಬ್ಬಿಣದ ಹಿಡಿಕಂಬಿಯೊಂದು ಕಿಬ್ಬೊಟ್ಟೆಯ ಭಾಗವನ್ನು ತೂರಿಕೊಂಡು ಹೋಯಿತು. ಅವರಿಗೆ ಆಗ 18 ವರ್ಷ.

ಅದು ಪೆನಿಸಿಲಿನ್ ಇಲ್ಲದ ಕಾಲ. ಇಂಥ ಆಳದ ಗಾಯಕ್ಕೆ ಸೋಂಕು ತಗುಲಿದರೆ ಕೊಡಲು ಆ್ಯಂಟಿಬಯಾಟಿಕ್ ಇರಲಿಲ್ಲ. ಅವರು ಬದುಕುವುದಿಲ್ಲ ಎಂದೇ ಸುತ್ತಲಿನವರು ಭಾವಿಸಿದ್ದರು. ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಒಂದು ತಿಂಗಳಿದ್ದು ಮನೆಗೆ ಬಂದರು. ಬೆನ್ನುಮೂಳೆಯ ಬಿಲ್ಲೆಗಳು ಜರುಗಿರುವುದು ತಿಳಿದದ್ದು ತಿಂಗಳುಗಳ ನಂತರ, ನೋವು ಮತ್ತೆ ಮರುಕಳಿಸಿದಾಗ. ಚಿಕಿತ್ಸೆಯ ಖರ್ಚು ಮನೆಗೆ ಭಾರವಾಯಿತು. ಓದು ನಿಂತಿತು, ಡಾಕ್ಟರ್ ಆಗುವ ಆಸೆಯೂ ಅಲ್ಲಿಗೆ ಮುಗಿಯಿತು. ಮಲಗಿದಲ್ಲೇ ಚಿತ್ರ ಬರೆಯಲು ಅನುಕೂಲವಾಗುವಂತೆ ತಾಯಿ ಒಂದು ವಿಶೇಷ ಚೌಕಟ್ಟು ಮಾಡಿಸಿಕೊಟ್ಟರು, ಮೇಲೆ ಕನ್ನಡಿ ಹಾಕಿಸಿದರು. ಆ ಕನ್ನಡಿಯಲ್ಲಿ ಕಾಣುತ್ತಿದ್ದುದು ತಮ್ಮದೇ ಮುಖ. ಅವರ ಸ್ವಚಿತ್ರಗಳ ಮೂಲ ಅಲ್ಲಿದೆ.

ಎಲ್ಲವೂ ಅಪಘಾತದಿಂದಲೇ ಆಯಿತೇ?

ಫ್ರೀಡಾ ಅವರ ನೋವಿಗೆಲ್ಲ ಆ ಒಂದು ಅಪಘಾತವೇ ಕಾರಣ ಎಂಬ ನಂಬಿಕೆ ಇದೆ. ವೈದ್ಯಕೀಯ ಚಿತ್ರ ಅಷ್ಟು ಸರಳವಲ್ಲ. 1929ರಲ್ಲಿ ಭಿತ್ತಿಚಿತ್ರಕಾರ ಡಿಯೆಗೊ ರಿವೆರಾ ಅವರನ್ನು ಮದುವೆಯಾದ ಮೇಲೆ ಫ್ರೀಡಾ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. ಅಲ್ಲಿ ಅವರನ್ನು ಪರೀಕ್ಷಿಸಿದ ಡಾ. ಲಿಯೋ ಎಲೋಸರ್, ಬೆನ್ನುಮೂಳೆಯ ಡೊಂಕು ಹುಟ್ಟಿನಿಂದಲೇ ಬಂದದ್ದು ಎಂದು ಗುರುತಿಸಿದರು. ಹುಟ್ಟುವಾಗಲೇ ಬೆನ್ನುಮೂಳೆ ಪೂರ್ತಿ ಕೂಡಿಕೊಳ್ಳದ ಸ್ಪೈನಾ ಬೈಫಿಡಾ ಎಂಬ ದೋಷವೂ ಇದ್ದಿರಬೇಕು, ಬಲಪಾದದ ಮಾಯದ ಹುಣ್ಣುಗಳಿಗೆ ಅದೂ ಕಾರಣವಾಗಿರಬಹುದು ಎನ್ನುವುದು ನಂತರದ ಕೆಲವು ವೈದ್ಯರ ಅಭಿಪ್ರಾಯ. ಅಂದರೆ ಹುಟ್ಟಿನ ದೋಷ, ಪೋಲಿಯೋ, ಅಪಘಾತ ಮೂರೂ ಒಂದರ ಮೇಲೊಂದು ಪೇರಿಸಿಕೊಂಡಿದ್ದವು.

ಜಖಂಗೊಂಡ ಸೊಂಟ ಗರ್ಭವನ್ನೂ ತಡೆದುಕೊಳ್ಳಲಿಲ್ಲ. 1932ರಲ್ಲಿ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ಅವರು ಮಗು ಕಳೆದುಕೊಂಡರು. ಆ ಆಸ್ಪತ್ರೆಯ ಹೆಸರಿನಲ್ಲೇ ಅವರು ಬರೆದ ಚಿತ್ರ ಗರ್ಭಪಾತವನ್ನು ಮುಚ್ಚುಮರೆಯಿಲ್ಲದೆ ತೋರಿಸಿತು. ಇಂದಿಗೂ ಹೆಂಗಸರು ಬಾಯಿಬಿಟ್ಟು ಹೇಳಿಕೊಳ್ಳಲು ಹಿಂಜರಿಯುವ ನೋವು ಅದು.

ನಂತರದ್ದು ಆಪರೇಷನ್‌ಗಳ ಸಾಲು. ಒಟ್ಟು ಸುಮಾರು 30 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಪ್ಲಾಸ್ಟರ್, ಚರ್ಮ, ಉಕ್ಕಿನ ಕವಚಗಳು ಬೆನ್ನನ್ನು ಎತ್ತಿ ಹಿಡಿಯುತ್ತಿದ್ದವು. 1946ರಲ್ಲಿ ನ್ಯೂಯಾರ್ಕ್‌ನಲ್ಲಿ ಬೆನ್ನುಮೂಳೆಗಳನ್ನು ಬೆಸೆಯುವ ದೊಡ್ಡ ಶಸ್ತ್ರಚಿಕಿತ್ಸೆ ನಡೆಯಿತು. ಅದರಿಂದ ಬಹುಕಾಲದ ನೆಮ್ಮದಿ ಸಿಗಲಿಲ್ಲ. 1950ರಲ್ಲಿ ಒಂಬತ್ತು ತಿಂಗಳು ಮೆಕ್ಸಿಕೋ ನಗರದ ಆಸ್ಪತ್ರೆಯಲ್ಲೇ ಕಳೆದರು. ನೋವುನಿವಾರಕ ಮತ್ತು ಮದ್ಯದ ಮೇಲಿನ ಅವಲಂಬನೆ ಬೆಳೆಯಿತು.

1953ರ ಏಪ್ರಿಲ್‌ನಲ್ಲಿ ತಾಯ್ನಾಡಿನಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದಾಗ ಎದ್ದು ನಿಲ್ಲುವ ಸ್ಥಿತಿ ಇರಲಿಲ್ಲ. ಅವರ ಮಂಚವನ್ನೇ ಗ್ಯಾಲರಿಗೆ ಸಾಗಿಸಿದರು, ಮಲಗಿಕೊಂಡೇ ಅತಿಥಿಗಳನ್ನು ಬರಮಾಡಿಕೊಂಡರು. ಅದೇ ಆಗಸ್ಟ್‌ನಲ್ಲಿ ಗ್ಯಾಂಗ್ರೀನ್ ಆಗಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. 1954ರ ಜುಲೈ 13ರಂದು, 47 ತುಂಬಿದ ಒಂದು ವಾರಕ್ಕೆ, ಅವರು ತೀರಿಕೊಂಡರು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡದ್ದು ಕಾರಣವೆಂದು ದಾಖಲಾಯಿತು. ಔಷಧಿ ಅತಿಯಾಗಿ ಸಾವು ಬಂತು ಎಂಬ ಮಾತೂ ಇದೆ. ಆದರೆ ಮರಣೋತ್ತರ ಪರೀಕ್ಷೆ ನಡೆಯದ ಕಾರಣ ಅದು ಸಾಬೀತಾದ ಸಂಗತಿಯಲ್ಲ.

ಸಂಖ್ಯೆ ಏರಿತು, ರೋಗ ಬದಲಾಯಿತು

ಫ್ರೀಡಾ ಬದುಕಿದ್ದಾಗಲೇ ದೇಶ ಬದಲಾಗತೊಡಗಿತ್ತು. 1943ರಲ್ಲಿ ಮೆಕ್ಸಿಕೋದಲ್ಲಿ ಸಾಮಾಜಿಕ ವಿಮಾ ಸಂಸ್ಥೆಯೂ ಮಕ್ಕಳ ದೊಡ್ಡ ಆಸ್ಪತ್ರೆಯೂ ಶುರುವಾದವು. ಮರುವರ್ಷ ಹೃದ್ರೋಗ ಸಂಸ್ಥೆ ಬಂತು. ಅದಕ್ಕಾಗಿ ಹೃದಯ ವೈದ್ಯದ ಇತಿಹಾಸವನ್ನು ಭಿತ್ತಿಚಿತ್ರವಾಗಿ ಬರೆದವರು ಡಿಯೆಗೊ ರಿವೆರಾ. ದೇಶದ ಕೊನೆಯ ಸಿಡುಬು ಪ್ರಕರಣ 1951ರದು. ಲಸಿಕೆ, ಶುದ್ಧ ನೀರು, ಆ್ಯಂಟಿಬಯಾಟಿಕ್‌ಗಳಿಂದ ಮಕ್ಕಳು ಉಳಿಯತೊಡಗಿದರು. 2019ರ ಹೊತ್ತಿಗೆ ಸರಾಸರಿ ಆಯಸ್ಸು ಹೆಂಗಸರಿಗೆ ಸುಮಾರು 78, ಗಂಡಸರಿಗೆ ಸುಮಾರು 72 ಆಗಿತ್ತು. ಕೋವಿಡ್ ವರ್ಷಗಳಲ್ಲಿ ಇದು ಜೋರಾಗಿ ಕುಸಿದು, ಈಗ ಒಟ್ಟಾರೆ 75ರ ಆಸುಪಾಸಿಗೆ ಮರಳಿದೆ.

ಇಂದು ಅಲ್ಲಿನ ಮುಖ್ಯ ಸಮಸ್ಯೆಗಳು ಹೃದ್ರೋಗ, ಸಕ್ಕರೆ ಕಾಯಿಲೆ ಮತ್ತು ಬೊಜ್ಜು. ಪ್ರತಿ 4 ವಯಸ್ಕರಲ್ಲಿ ಸುಮಾರು 3 ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. 10ರಲ್ಲಿ ಒಬ್ಬರಿಗಿಂತ ಹೆಚ್ಚು ವಯಸ್ಕರಿಗೆ ಸಕ್ಕರೆ ಕಾಯಿಲೆ ಇದೆ. ಇದಕ್ಕೆ ಮೆಕ್ಸಿಕೋದ ಸಾಂಪ್ರದಾಯಿಕ ಊಟವನ್ನು ದೂರುವುದು ಸರಿಯಲ್ಲ. ಮೆಕ್ಕೆಜೋಳದ ರೊಟ್ಟಿ, ಬೀನ್ಸ್ ಕಾಳು, ಕುಂಬಳ, ಮೆಣಸಿನಕಾಯಿಯ ಆ ಊಟ ಪೌಷ್ಟಿಕವೇ. ಅದರ ಜಾಗಕ್ಕೆ ತಂಪು ಪಾನೀಯ ಮತ್ತು ಪ್ಯಾಕೆಟ್ ತಿಂಡಿಗಳು ಬಂದದ್ದು ದೊಡ್ಡ ಕಾರಣ. ವಂಶವಾಹಿಗಳ ಪಾಲೂ ಸ್ವಲ್ಪ ಇದೆ. ಸರ್ಕಾರ 2014ರಿಂದ ಸಕ್ಕರೆ ಪಾನೀಯಗಳಿಗೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. 2020ರಿಂದ ಪ್ಯಾಕೆಟ್‌ಗಳ ಮೇಲೆ ಎಂಟು ಮೂಲೆಯ ಕಪ್ಪು ಎಚ್ಚರಿಕೆ ಗುರುತುಗಳು ಕಡ್ಡಾಯವಾದವು.

ಫ್ರೀಡಾ ಅವರ ಕಾಲಿಗೆ ಗ್ಯಾಂಗ್ರೀನ್ ಬಂದದ್ದು ಸಕ್ಕರೆ ಕಾಯಿಲೆಯಿಂದಲ್ಲ. ಆದರೆ ಇಂದು ಮೆಕ್ಸಿಕೋದಲ್ಲಿ ಕಾಲು ಕಳೆದುಕೊಳ್ಳುವ ಬಹಳಷ್ಟು ಜನರಿಗೆ ಕಾರಣ ಅದೇ. ಪಾದದ ಹುಣ್ಣು ಮಾಯದೆ, ಸೋಂಕು ಏರಿ, ಕೊನೆಗೆ ಕತ್ತರಿಸುವ ಹಂತಕ್ಕೆ ಬರುತ್ತದೆ. ಇವರಲ್ಲಿ ಹಲವರು ನಂತರವೂ ವರ್ಷಗಟ್ಟಲೆ ಬದುಕುತ್ತಾರೆ. ಸರಾಸರಿ ಆಯಸ್ಸಿನ ಲೆಕ್ಕದಲ್ಲಿ ಆ ವರ್ಷಗಳಿಗೂ ಆರೋಗ್ಯವಂತರ ವರ್ಷಗಳಿಗೂ ಒಂದೇ ಬೆಲೆ.

ಹಾಗಾದರೆ ನೆನಪಿಡಬೇಕಾದ್ದೇನು?

ಒಂದು ವರ್ಷದಲ್ಲಿ ಬೇರೆಬೇರೆ ವಯಸ್ಸಿನವರ ಸಾವಿನ ಪ್ರಮಾಣವನ್ನು ಇಟ್ಟುಕೊಂಡು ಮಾಡುವ ಲೆಕ್ಕವೇ ಸರಾಸರಿ ಆಯಸ್ಸು. ಅದು ಯಾರ ಹಣೆಬರಹವೂ ಅಲ್ಲ. ಯಾವುದೇ ದೇಶದ ಅಂಥ ಸಂಖ್ಯೆ ಕಣ್ಣಿಗೆ ಬಿದ್ದರೆ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಅಲ್ಲಿ ಎಷ್ಟು ಮಕ್ಕಳು ಐದು ವರ್ಷ ದಾಟುತ್ತಾರೆ? ಉಳಿದವರು ತಮ್ಮ ವರ್ಷಗಳಲ್ಲಿ ಎಷ್ಟನ್ನು ಆರೋಗ್ಯದಿಂದ ಕಳೆಯುತ್ತಾರೆ? ಫ್ರೀಡಾ ಅವರ 47 ವರ್ಷಗಳು ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರವಾಗಿದ್ದವು, ಎರಡನೆಯದಕ್ಕೆ ಆಗಿರಲಿಲ್ಲ. ಅಪಘಾತಕ್ಕೆ ತಕ್ಕ ಚಿಕಿತ್ಸೆಯಿಂದ, ಒಂದು ಹನಿ ಲಸಿಕೆಯಿಂದ ಅಥವಾ ಪಾದದ ಹುಣ್ಣನ್ನು ಹೊತ್ತಿಗೆ ಸರಿಯಾಗಿ ನೋಡಿಕೊಳ್ಳುವುದರಿಂದ ಎರಡನೆಯ ಉತ್ತರ ಬದಲಾಗುತ್ತದೆ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ ಅವರ ಪಾದಗಳನ್ನು ದಿನಾ ಒಮ್ಮೆ ನೋಡಿ. ಗಾಯವೋ ಗುಳ್ಳೆಯೋ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.