ಬಂಗಾರಪೇಟೆಗೆ ಹೆಸರಿತ್ತ ಬೌರಿಂಗ್: ಗಾಳಿ ಬೆಳಕಿನ ಆಸ್ಪತ್ರೆಯ ಕಮಿಷನರ್

ಬಂಗಾರಪೇಟೆ ಎಂಬ ಹೆಸರು ಕೋಲಾರದ ಚಿನ್ನದಿಂದ ಬಂದಿತೆಂದು ನಂಬುವವರೇ ಹೆಚ್ಚು. ವಾಸ್ತವದಲ್ಲಿ ರೈಲು ನಿಲ್ದಾಣದ ಸುತ್ತ ಬೆಳೆದ ಈ ಊರಿನ ಹಳೆಯ ಹೆಸರು ಬೌರಿಂಗ್‌ಪೇಟೆ. ಜನರ ನಾಲಿಗೆಯಲ್ಲಿ ಸವೆದು ಸವೆದು ಅದು ಬಂಗಾರಪೇಟೆಯಾಯಿತು. ಕಾಮಸಮುದ್ರ, ಕೆ.ಜಿ.ಎಫ್. ಕಡೆಯ ರೋಗಿಗಳು ರೈಲು ಹತ್ತಿ ಬೆಂಗಳೂರಿನ ಶಿವಾಜಿನಗರದಲ್ಲಿರುವ ಬೌರಿಂಗ್ ಆಸ್ಪತ್ರೆಗೆ ಹೋದರೆ, ಅವರು ಹಾದುಹೋಗುವ ಜಂಕ್ಷನ್ನಿಗೂ ತಲುಪುವ ಆಸ್ಪತ್ರೆಗೂ ಹೆಸರು ಕೊಟ್ಟವರು ಒಬ್ಬರೇ: ಲೆವಿನ್ ಬೆಂಥಮ್ ಬೌರಿಂಗ್.

1824ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಲೆವಿನ್, ಬಹುಭಾಷಾ ವಿದ್ವಾಂಸರೂ ಮುಂದೆ ಹಾಂಗ್‌ಕಾಂಗ್ ಗವರ್ನರರೂ ಆದ ಸರ್ ಜಾನ್ ಬೌರಿಂಗ್ ಅವರ ಪುತ್ರ. ತಂದೆ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ ಅವರ ಆಪ್ತ ಶಿಷ್ಯ. ಹೆಚ್ಚು ಜನರಿಗೆ ಹೆಚ್ಚು ಸುಖ ದೊರಕಿಸುವುದೇ ಆಡಳಿತದ ಗುರಿಯೆಂದು ಸಾರಿದ ಆ ಗುರುವಿನ ಹೆಸರು ಮಗನ ಹೆಸರಿನಲ್ಲಿ ಸೇರಿಕೊಂಡಿತು. ಹೇಲಿಬರಿ ಕಾಲೇಜಿನಲ್ಲಿ ಕಲಿತ ಲೆವಿನ್ 1843ರಲ್ಲಿ ಬಂಗಾಳ ಸಿವಿಲ್ ಸೇವೆಗೆ ಸೇರಿದರು. ಪಂಜಾಬಿನಲ್ಲಿ ದುಡಿದು, ಬಳಿಕ ಲಾರ್ಡ್ ಕ್ಯಾನಿಂಗ್ ಅವರ ಖಾಸಗಿ ಕಾರ್ಯದರ್ಶಿಯಾದರು.

ಸರ್ ಮಾರ್ಕ್ ಕಬ್ಬನ್ 1861ರಲ್ಲಿ ಅಧಿಕಾರ ಬಿಟ್ಟು ತೆರಳಿದ ನಂತರ, 1862ರಲ್ಲಿ ಬೌರಿಂಗ್ ಮೈಸೂರಿನ ಕಮಿಷನರ್ ಆಗಿ ಬಂದರು. 1870ರವರೆಗೆ ಆ ಹುದ್ದೆಯಲ್ಲಿದ್ದರು. ಸಂಸ್ಥಾನವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ವಿಂಗಡಿಸಿದ್ದು ಅವರ ಕಾಲದಲ್ಲಿ. ಬೆಂಗಳೂರು ಮತ್ತು ಜೋಲಾರಪೇಟೆ ನಡುವಿನ ರೈಲು ಸಂಚಾರ 1864ರಲ್ಲಿ ಆರಂಭವಾಯಿತು. ಟಿಪ್ಪು ಅರಮನೆಯಲ್ಲಿ ಇಕ್ಕಟ್ಟಿನಲ್ಲಿದ್ದ ಕಚೇರಿಗಳು 1868ರಲ್ಲಿ ಹೊಸದಾದ ಅಠಾರಾ ಕಚೇರಿಗೆ ಬಂದವು. ಆದರೆ ಸಾಮಾನ್ಯ ಜನರ ಬದುಕನ್ನು ನೇರವಾಗಿ ಮುಟ್ಟಿದ್ದು ಆ ಕಾಲದಲ್ಲೇ ಎದ್ದ ಆಸ್ಪತ್ರೆ.

ಅಂದಿನ ಆಸ್ಪತ್ರೆಗಳೆಂದರೆ ರೋಗ ವಾಸಿಯಾಗುವುದಕ್ಕಿಂತ ರೋಗ ಅಂಟುವ ತಾಣಗಳು. ಕತ್ತಲೆಯ ಕೋಣೆ, ಒತ್ತೊತ್ತಾದ ಮಂಚ, ಕೊಳೆತ ಗಾಳಿ. ಕ್ರಿಮಿಯಾ ಯುದ್ಧದ ಆಸ್ಪತ್ರೆಗಳಲ್ಲಿ ಇದನ್ನು ಕಣ್ಣಾರೆ ಕಂಡ ಫ್ಲಾರೆನ್ಸ್ ನೈಟಿಂಗೇಲ್, ಆಸ್ಪತ್ರೆಯು ರೋಗಿಗೆ ಕೇಡು ಮಾಡದಿರುವುದೇ ಅದರ ಮೊದಲ ಧರ್ಮವೆಂದು ಸಾರಿದ್ದರು. ಭಾರತದ ದಂಡಿನ ಆರೋಗ್ಯ ಕುರಿತ 1863ರ ರಾಯಲ್ ಆಯೋಗದ ವರದಿಗೆ ಅವರು ಬರೆದ ಟಿಪ್ಪಣಿಗಳಲ್ಲಿ ಬೆಂಗಳೂರೂ ಇದೆ. ಬಜಾರಿನ ಚರಂಡಿ ಸೇರುವ ಹಲಸೂರು ಕೆರೆಯ ನೀರನ್ನೇ ಜನ ಕುಡಿಯುವುದನ್ನು ಅವರು ಕಟುವಾಗಿ ಟೀಕಿಸಿದ್ದರು.

ದಂಡಿನ ಪ್ರದೇಶದ ಸಿವಿಲ್ ಆಸ್ಪತ್ರೆಯ ಕಟ್ಟಡ ಕಾರ್ಯ 1866ರಲ್ಲಿ ಆರಂಭವಾಗಿ, 1868ರಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು. ಮುಂದೆ ಅದಕ್ಕೆ ಬೌರಿಂಗ್ ಅವರ ಹೆಸರೇ ನಿಂತಿತು. ಅದರ ವಿನ್ಯಾಸಕ್ಕೆ ಮಾದರಿ ಪ್ಯಾರಿಸ್ಸಿನ ಲಾರಿಬೋಸಿಯೇರ್ ಆಸ್ಪತ್ರೆ. 1832ರ ಕಾಲರಾ ಪಿಡುಗಿನಿಂದ ಪಾಠ ಕಲಿತು ಪ್ಯಾರಿಸ್ ನಗರ ಕಟ್ಟಿದ ಆ ಆಸ್ಪತ್ರೆಯನ್ನು ನೈಟಿಂಗೇಲ್ ಮೆಚ್ಚಿದ್ದರು.

ಈ ಮಾದರಿಯ ತಿರುಳು ಸರಳ. ಇಡೀ ಆಸ್ಪತ್ರೆಯನ್ನು ಒಂದೇ ದೊಡ್ಡ ಕಟ್ಟಡದಲ್ಲಿ ತುರುಕುವುದಿಲ್ಲ. ವಾರ್ಡುಗಳು ಪ್ರತ್ಯೇಕ ಸಾಲುಮನೆಗಳಂತೆ ಅಂಗಳದ ಸುತ್ತ ನಿಲ್ಲುತ್ತವೆ, ಓಣಿಯೊಂದು ಅವುಗಳನ್ನು ಜೋಡಿಸುತ್ತದೆ. ವಾರ್ಡಿನ ಎರಡೂ ಬದಿ ಎತ್ತರದ ಕಿಟಕಿಗಳಿದ್ದು, ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೊರಹೋಗುತ್ತದೆ. ಮಂಚಗಳ ನಡುವೆ ಅಂತರವಿರುತ್ತದೆ. ದಾದಿಗೆ ಎಲ್ಲ ರೋಗಿಗಳೂ ಕಣ್ಣಿಗೆ ಬೀಳುತ್ತಾರೆ, ಮಲಗಿದವರಿಗೆ ಆಕಾಶ ಕಾಣುತ್ತದೆ. ಗದ್ದಲ, ದುರ್ವಾಸನೆ, ಕತ್ತಲೆಗಳೂ ರೋಗಿಯನ್ನು ಬಳಲಿಸುತ್ತವೆ ಎಂಬ ತಿಳಿವಳಿಕೆ ಈ ವಿನ್ಯಾಸದ ಹಿಂದಿತ್ತು.

ಈ ಆಸ್ಪತ್ರೆಗೆ ಮಿತಿಗಳೂ ಇದ್ದವು. ಅದು ನಿಂತದ್ದು ದಂಡಿನ ಪ್ರದೇಶದಲ್ಲಿ. ಮಹಿಳೆಯರಿಗೆಂದೇ ಲೇಡಿ ಕರ್ಜನ್ ಆಸ್ಪತ್ರೆ ಜೊತೆಗೂಡಲು 1900ರವರೆಗೆ ಕಾಯಬೇಕಾಯಿತು. ದೂರದ ಹಳ್ಳಿಗಳ ರೋಗಿಗಳಿಗೆ ರೈಲೇ ದಾರಿಯಾಗಿತ್ತು.

ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಬೌರಿಂಗ್, 1871ರಲ್ಲಿ ತಮ್ಮ ಅನುಭವಗಳ ಗ್ರಂಥವನ್ನೂ 1893ರಲ್ಲಿ ಹೈದರ್ ಮತ್ತು ಟಿಪ್ಪು ಕುರಿತ ಚರಿತ್ರೆಯನ್ನೂ ಪ್ರಕಟಿಸಿದರು. ಅವರು ಬಿಟ್ಟುಹೋದ ಬಳಿಕವೇ ಕೋಲಾರದಲ್ಲಿ ಚಿನ್ನದ ಬೇಟೆ ಬಿರುಸಾಯಿತು. 1894ರಲ್ಲಿ ಅವರ ಹೆಸರಿನ ಜಂಕ್ಷನ್ನಿನಿಂದ ಗಣಿಗಳಿಗೆ ಕವಲು ಮಾರ್ಗ ತೆರೆಯಿತು. ಗಣಿ ಕಂಪನಿ ಕಾರ್ಮಿಕರಿಗಾಗಿ ಕಟ್ಟಿದ್ದ ಆಸ್ಪತ್ರೆ ಆ ಭಾಗದ ದೊಡ್ಡ ಆಸರೆಯಾಗಿತ್ತು. 2001ರಲ್ಲಿ ಗಣಿ ಮುಚ್ಚಿದಾಗ ಆ ಆಸರೆಯೂ ತಪ್ಪಿತು. ಬೆಂಗಳೂರಿನ ಆಸ್ಪತ್ರೆಗಳ ಹಾದಿ ಅಲ್ಲಿನವರಿಗೆ ಮತ್ತಷ್ಟು ಅನಿವಾರ್ಯವಾಯಿತು.

ವಾರ್ಡಿನ ಸ್ವಚ್ಛತೆಗೆ ಅಂಕ ನೀಡುವ ಕಾಯಕಲ್ಪ ಯೋಜನೆಯನ್ನು ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿತು. ರೋಗಿಯ ಅಭಿಪ್ರಾಯ ಕೇಳುವ ಮೇರಾ ಅಸ್ಪತಾಲ್ ಮರುವರ್ಷ ಬಂದಿತು. ಗಾಳಿ, ಬೆಳಕು, ಶುಚಿತ್ವ, ನೆಮ್ಮದಿಯ ನಿದ್ರೆ ಚಿಕಿತ್ಸೆಯ ಭಾಗವೆಂಬ ಮಾತು ಹೀಗೆ ಹೊಸ ರೂಪದಲ್ಲಿ ಮರಳಿದೆ. ಆದರೆ ಮಂಚಗಳ ನಡುವಿನ ಅಂತರವನ್ನು ನುಂಗುವ ಜನಸಂದಣಿಗೆ ಯಾವ ನಕ್ಷೆಯೂ ತಾನಾಗಿ ಉತ್ತರ ಕೊಡಲಾರದು.

ಬೌರಿಂಗ್ 1910ರಲ್ಲಿ ನಿಧನರಾದರು. ನೈಟಿಂಗೇಲ್ ತೀರಿಕೊಂಡದ್ದೂ ಅದೇ ವರ್ಷ. ಬಂಗಾರಪೇಟೆಯಲ್ಲಿ ಬೌರಿಂಗ್ ಹೆಸರು ಚಿನ್ನದ ಹೊಳಪಿನಲ್ಲಿ ಕರಗಿಹೋಗಿದೆ. ಶಿವಾಜಿನಗರದ ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಅದು ಇನ್ನೂ ಉಳಿದಿದೆ.