ಸರ್ ಮಾರ್ಕ್ ಕಬ್ಬನ್

ಹೂವು ಬಾಡದಂತೆ ದುಂಬಿಯು ಮಧುವನ್ನು ಕೊಳ್ಳುವ ಹಾಗೆ ಅರಸನು ಪ್ರಜೆಗಳಿಂದ ಕರವನ್ನು ಕೊಳ್ಳಬೇಕೆಂಬುದು ನಮ್ಮ ಪೂರ್ವಿಕರ ರಾಜನೀತಿ. ಈ ನೀತಿ ತಪ್ಪಿದರೆ ರಾಜ್ಯವೇ ಕೈಬಿಡುವುದೆಂಬುದಕ್ಕೆ ಮೈಸೂರು ಸೀಮೆಯ ಚರಿತ್ರೆ ಸಾಕ್ಷಿಯಾಗಿದೆ.

ಮಾರ್ಕ್ ಕಬ್ಬನ್ನರು 1775ರಲ್ಲಿ ಮ್ಯಾನ್ ದ್ವೀಪದಲ್ಲಿ ಜನಿಸಿ, ತಾರುಣ್ಯದಲ್ಲಿಯೇ ಕುಂಪಣಿಯ ಮದರಾಸು ಸೇನೆಯನ್ನು ಸೇರಿದರು. ಆಗ ಮೈಸೂರಿನಲ್ಲಿ ಶರತ್ತಿನ ಪದ್ಧತಿಯು ನಡೆಯುತ್ತಿದ್ದಿತು. ಇಂತಿಷ್ಟು ಹಣವನ್ನು ಒಪ್ಪಿಸುವೆನೆಂದು ಕರಾರು ಮಾಡಿಕೊಂಡ ಅಮಲ್ದಾರನು ಅದನ್ನು ರೈತನಿಂದ ಹಿಂಡುತ್ತಿದ್ದನು. ಬೇಸತ್ತ ನಗರ ಸೀಮೆಯ ರೈತರು 1830ರಲ್ಲಿ ಕೂಟಗಳನ್ನು ಕಟ್ಟಿ ಕಂದಾಯವನ್ನು ನಿರಾಕರಿಸಿದರು. ದಂಗೆಯು ಶಸ್ತ್ರಬಲದಿಂದ ಅಡಗಿತು. ಆದರೆ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತೆಗೆದುಕೊಂಡರು. ದಂಗೆಯ ಕಾರಣಗಳನ್ನು ವಿಚಾರಿಸಿ 1833ರಲ್ಲಿ ವರದಿಯನ್ನು ಒಪ್ಪಿಸಿದ ಸಮಿತಿಯಲ್ಲಿ ಕಬ್ಬನ್ನರೂ ಒಬ್ಬರು. ಪ್ರಜೆಗಳ ಅಳಲನ್ನು ಹೀಗೆ ಅರಿತವರೇ 1834ರಲ್ಲಿ ಮೈಸೂರಿನ ಕಮಿಷನರಾದರು.

ಅವರು ರದ್ದುಮಾಡಿದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ 769 ಎಂದು ಗೆಜೆಟಿಯರು ಹೇಳುತ್ತದೆ. ಮದುವೆಗೆ ತೆರಿಗೆ, ಕೂಸು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಚೌಲಕ್ಕೂ ತೆರಿಗೆ! ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹಿರಿಯರು ಹುಡುಕಿಕೊಡಲಿಲ್ಲವೆಂದು ಒಂದು ಊರಿನವರು ತಲೆತಲಾಂತರದಿಂದ ಹಣ ತೆರುತ್ತಿದ್ದರು. ನಗರದ ಒಂದೆಡೆ ಕೈಗಳನ್ನು ಮೈಗೆ ಆನಿಸಿಕೊಳ್ಳದೆ ನಡೆದವನೂ ತೆರಬೇಕಾಗಿದ್ದಿತು. ಇವೆಲ್ಲವೂ ತೊಲಗಿದವು. ಬೆಳೆ ಮಾರುವ ಕಾಲವನ್ನು ನೋಡಿ ಕಂದಾಯದ ಕಂತುಗಳು ಏರ್ಪಟ್ಟವು. ಆದರೂ ಬೊಕ್ಕಸ ಬರಿದಾಗಲಿಲ್ಲ, ಆದಾಯವು ಹೆಚ್ಚಿತು. ರಸ್ತೆ, ಸೇತುವೆಗಳು ನಿರ್ಮಾಣವಾದವು. ಹೇರೋಹಳ್ಳಿ ಮೊದಲಾದ ಗ್ರಾಮಗಳನ್ನೊಳಗೊಂಡ ಬೆಂಗಳೂರು ಸೀಮೆಯು ಆಡಳಿತದ ಕೇಂದ್ರವಾಯಿತು.

ಗುಣದ ಜೊತೆಗೆ ಕೊರತೆಯನ್ನೂ ಹೇಳುವುದು ನ್ಯಾಯ. ಕಬ್ಬನ್ನರ ಆಳ್ವಿಕೆ ಏಕಹಸ್ತದ್ದು. ತೆರಿಗೆಯ ಹೊರೆ ಇಳಿದದ್ದು ಆಳುವವನ ಕರುಣೆಯಿಂದಲೇ ಹೊರತು ತೆರುವವನ ಹಕ್ಕಿನಿಂದಲ್ಲ. ಪ್ರಜೆಯು ತನ್ನ ಅಹವಾಲನ್ನು ಸಭೆಯಲ್ಲಿ ಹೇಳಿಕೊಳ್ಳುವ ಅವಕಾಶಕ್ಕೆ 1881ರ ಪ್ರಜಾಪ್ರತಿನಿಧಿ ಸಭೆಯವರೆಗೆ ಕಾಯಬೇಕಾಯಿತು. ಅದಕ್ಕೂ ಆಗ ಸಲಹೆಯ ಅಧಿಕಾರ ಮಾತ್ರ.

1861ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ತೆರಳುತ್ತಿದ್ದ ಕಬ್ಬನ್ನರು ಹಾದಿಯಲ್ಲಿಯೇ, ಸೂಯೆಜಿನಲ್ಲಿ ಕಾಲವಾದರು. ಬೆಂಗಳೂರಿನ ಉದ್ಯಾನವೊಂದು ಜನರ ಬಾಯಲ್ಲಿ ಅವರ ಹೆಸರನ್ನು ಉಳಿಸಿದೆ. ಆದರೆ ಕೂಟ ಕಟ್ಟಿ ಪ್ರಾಣವನ್ನೇ ತೆತ್ತ ನಗರದ ರೈತರಲ್ಲಿ ಬಹುಮಂದಿಯ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ. ಕಬ್ಬನ್ನರ ಕೀರ್ತಿಯಲ್ಲಿ ಅವರಿಗೂ ಪಾಲಿದೆಯೆಂಬುದನ್ನು ನಮ್ಮ ಮಕ್ಕಳು ಅರಿಯಬೇಕು.