ನಿತ್ಯವೂ ಹಬ್ಬವಾಗಿದ್ದ ಮನೆ: ಆಯ್ದಕ್ಕಿ ಲಕ್ಕಮ್ಮ

ಹಬ್ಬದಂದು ನೆರೆಯವರಿಗೆ ಬಾಗಿಲು ತೆರೆಯಲು ಸಿರಿತನ ಬೇಕಿಲ್ಲ ಎಂಬುದಕ್ಕೆ 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನವರ ಬಾಳೇ ನಿದರ್ಶನ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಪತಿ ಮಾರಯ್ಯನವರೊಡನೆ ಕಲ್ಯಾಣಕ್ಕೆ ಬಂದು ನೆಲೆಸಿದವರು ಅವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯನವರು ಆಯ್ದು ತರುತ್ತಿದ್ದರು. ಅದನ್ನೇ ಅಟ್ಟು ಜಂಗಮರಿಗೆ ಉಣಬಡಿಸಿ, ದಂಪತಿಗಳು ಪ್ರಸಾದ ಸ್ವೀಕರಿಸುತ್ತಿದ್ದರು. ಒಮ್ಮೆ ಪತಿಯು ಎಂದಿಗಿಂತ ಹೆಚ್ಚು ತಂದಾಗ, ಅದು ಆಸೆಯ ಫಲವೆಂದು ಬಗೆದ ಲಕ್ಕಮ್ಮನವರು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಕೂಡಿಡದ ಆ ಮನೆಯಲ್ಲಿ ದಾಸೋಹ ನಿತ್ಯದ ಹಬ್ಬವಾಗಿತ್ತು. ನಾವಾದರೋ ತುಂಬಿದ ಕಣಜವಿದ್ದೂ ಹಬ್ಬದೂಟಕ್ಕೆ ಅಂತಸ್ತು ನೋಡಿ ಕರೆಯುತ್ತೇವೆ. ಬರುವ ಬಸವ ಜಯಂತಿಯಂದು ಕುಲ ಕೇಳದೆ ನೆರೆಮನೆಯವರನ್ನು ಕರೆದು, ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚು ಹಾಕೋಣ.